300 ಕಾಪಿ ನಾನೇ ತಗೊಳ್ಬೇಕಂತೆ, ಕಾಸರಗೋಡಲ್ಲಿ ಕೂತು ಹೇಗೆ ಮಾರುದು ಮಾರ್ರೆ?

ಪೈವಳಿಕೆ_ಪುಟ:
ನಮಸ್ಕಾರ ಎಲ್ರಿಗೂ. ನನ್ನ ಮೊದಲ ಕಥಾಸಂಕಲನ ರೆಡಿಯಾಗಿದೆ, ಹನ್ನೊಂದು ಕತೆ, ಡೆಮ್ಮಿ ಸೈಜಲ್ಲಿ 160 ಪುಟ ಬರ್ತದೆ ಅಂತ ಡಿಟಿಪಿಯವರು ಹೇಳಿದ್ದಾರೆ. ಕೆಲವು ಕತೆ ಆಗಲೇ ವಿಶೇಷಾಂಕದಲ್ಲಿ, ಭಾನುವಾರದ ಪುರವಣಿಯಲ್ಲೆಲ್ಲ ಬಂದದ್ದೇ. ಮಂಗಳೂರು ಕಡೆಯ ಒಬ್ರು ಪ್ರಕಾಶಕರು ಮಾಡುವ ಅಂತ ಒಪ್ಪಿದ್ದಾರೆ. ಕಂಡೀಷನ್ ಏನೂಂದ್ರೆ 500 ಪ್ರಿಂಟ್ ಹಾಕುದು, ಅದ್ರಲ್ಲಿ 300 ನಾನು 40 ಪರ್ಸೆಂಟ್ ಡಿಸ್ಕೌಂಟಲ್ಲಿ ತಗೊಳ್ಬೇಕು, ಉಳಿದ 200 ಅವರ ಮಳಿಗೆ, ಆನ್‌ಲೈನು, ಪುಸ್ತಕ ಮೇಳ ಅಂತ ಅವರೇ ನೋಡ್ಕೊಳ್ತಾರೆ. ಮುಖಬೆಲೆ 180 ಇಡುವ ಅಂತ ಮಾತಾಗಿದೆ, ಅಂದ್ರೆ ಒಂದಕ್ಕೆ 108ರ ಹಾಗೆ 32,400 ರೂಪಾಯಿ ನಾನು ಕೊಡ್ಲಿಕ್ಕುಂಟು.

ಇದು ನ್ಯಾಯವಾ ಅನ್ಯಾಯವಾ ಅಂತ ಚರ್ಚೆ ಬೇಡ, ಈಗ ಎಲ್ಲ ಕಡೆ ಹೀಗೇ ಅಂತ ನನಗೂ ಗೊತ್ತುಂಟು. ನನ್ನ ಪ್ರಶ್ನೆ ಆ 300ನ್ನು ಎಂತ ಮಾಡುದು ಅಂತ. ನಮ್ಮ ಪೈವಳಿಕೆ ಉಪ್ಪಳದಲ್ಲಿ ಕನ್ನಡ ಕತೆ ಪುಸ್ತಕ ಇಡುವ ಅಂಗಡಿ ಅಂತ ನಾನು ಕಂಡದ್ದಿಲ್ಲ, ಸ್ಟೇಷನರಿಯಲ್ಲಿ ಪಂಚಾಂಗ ಸಿಗ್ತದೆ ಅಷ್ಟೆ. ಫೇಸ್‌ಬುಕ್ಕಲ್ಲಿ ಎರಡು ಸಾವಿರ ಫ್ರೆಂಡ್ಸ್ ಉಂಟು, ಕತೆ ಬಂದ ದಿನ "ಅಭಿನಂದನೆಗಳು ಸರ್" ಅಂತ ಮುನ್ನೂರು ಕಾಮೆಂಟ್ ಬೀಳ್ತದೆ, ಆದ್ರೆ ಅವ್ರಲ್ಲಿ ಪುಸ್ತಕ ತಗೊಳ್ಳುವವರು ಎಷ್ಟು ಜನ ಅಂತ ಯೋಚಿಸಿದ್ರೆ ಹೆದರಿಕೆ ಆಗ್ತದೆ. ಬೆಂಗಳೂರಿನವರಿಗೆ ನಾವು ಕೇರಳದವರು, ತಿರುವನಂತಪುರದವರಿಗೆ ನಾವು ಕನ್ನಡದವರು, ಇದು ಹಳೇ ಕತೆ ಬಿಡಿ.

ಕೇಳ್ಬೇಕಾದದ್ದು ಇಷ್ಟು. ಬಿಡುಗಡೆ ಕಾರ್ಯಕ್ರಮಕ್ಕೆ ಹಾಲ್, ಊಟ, ಅತಿಥಿಗಳ ಕಾರು ಅಂತ ಹತ್ತು ಹನ್ನೆರಡು ಸಾವಿರ ಸುರಿಯುದು ಲಾಭವಾ? ಫೇಸ್‌ಬುಕ್ಕಲ್ಲಿ ದುಡ್ಡು ಕೊಟ್ಟು ಜಾಹೀರಾತು ಹಾಕಿದ್ರೆ ಪ್ರಯೋಜನ ಉಂಟಾ? ಯಾರಿಗೆ ಫ್ರೀ ಕೊಡುದು, ಯಾರಿಗೆ ಕೊಡಬಾರ್ದು? ಮಾಡಿ ಅನುಭವ ಇದ್ದವರು ಹೇಳಿ, ಥಿಯರಿ ಬೇಡ.

ಬದಿಯಡ್ಕ_ವಾಚನಾಲಯ:
ನೀವು ಕರ್ನಾಟಕದ ಮಾರ್ಕೆಟ್ ಕಡೆ ಮುಖ ಮಾಡಿ ಕೂತಿದ್ದೀರಿ, ಆದ್ರೆ ನೀವಿರುದು ಕೇರಳದಲ್ಲಿ, ಇಲ್ಲಿನ ಗ್ರಂಥಾಲಯದ ವ್ಯವಸ್ಥೆ ನಿಮಗೆ ಕಾಣುದೇ ಇಲ್ವಾ? ನಾನು ಊರಿನ ಒಂದು ವಾಚನಾಲಯದ ಕಮಿಟಿಯಲ್ಲಿ ಇದ್ದೇನೆ, ಹಾಗಾಗಿ ಒಳಗಿನ ಲೆಕ್ಕ ಹೇಳ್ತೇನೆ. ಲೈಬ್ರರಿ ಕೌನ್ಸಿಲ್‌ನ ಅಫಿಲಿಯೇಶನ್ ಇರುವ ಗ್ರಂಥಾಲಯಗಳಿಗೆ ಗ್ರೇಡ್ ನೋಡಿ ವರ್ಷಕ್ಕೆ ಗ್ರಾಂಟ್ ಬರ್ತದೆ, ಅದ್ರಲ್ಲಿ ಒಂದು ಪಾಲು ಪುಸ್ತಕಕ್ಕೇ ಹೋಗ್ಬೇಕು. ಜಿಲ್ಲಾ ಲೈಬ್ರರಿ ಕೌನ್ಸಿಲಿನವರು ಪುಸ್ತಕೋತ್ಸವ ಮಾಡುದು ಅದಕ್ಕೇ, ಎಲ್ಲಾ ಗ್ರಂಥಾಲಯದವರು ಅಲ್ಲಿಗೆ ಬಂದು ಕಟ್ಟು ಕಟ್ಟಿ ತಗೊಂಡು ಹೋಗ್ತಾರೆ. ಈಗ ಕನ್ನಡ ಓದುವವರಿರುವ ಕಡೆಯ ಸೆಕ್ರೆಟರಿಯೊಬ್ರು ಅಲ್ಲಿಗೆ ಬರ್ತಾರೆ ಅಂತ ಇಟ್ಕೊಳ್ಳಿ, ಅವ್ರಿಗೆ ಕನ್ನಡದಲ್ಲಿ ಈ ವರ್ಷ ಎಂತ ಬಂದಿದೆ ಅಂತ ಗೊತ್ತಿರುದಿಲ್ಲ, ಹೇಳುವವರೂ ಇಲ್ಲ, ಗೊತ್ತಿದ್ದ ಹೆಸರು ಕಾರಂತ, ತೇಜಸ್ವಿ, ಭೈರಪ್ಪ, ಅದನ್ನೇ ಪುನಃ ತಗೊಂಡು ಬಿಲ್ ಮಾಡಿಸಿ ಬಸ್ಸು ಹತ್ತುದು. ನಮ್ಮ ಕಪಾಟಲ್ಲಿ ಒಂದೇ ಕಾದಂಬರಿಯ ಮೂರು ಪ್ರತಿ ಉಂಟು, ಹೀಗೇ ಬಂದದ್ದು.

ಅದಕ್ಕೆ ನೀವು ಮಾಡ್ಬೇಕಾದ್ದು ಪುಸ್ತಕೋತ್ಸವದ ದಿನ ಹೋಗಿ ನಿಲ್ಲುದಲ್ಲ, ಅದಕ್ಕೆ ಒಂದು ತಿಂಗಳು ಮೊದಲೇ ಮಂಜೇಶ್ವರ, ಕುಂಬಳೆ, ಪುತ್ತಿಗೆ, ಎಣ್ಮಕಜೆ, ಬದಿಯಡ್ಕ, ಕುಂಬ್ಡಾಜೆ, ಬೆಳ್ಳೂರು, ಕಾರಡ್ಕ, ದೇಲಂಪಾಡಿ ಕಡೆಯ ಗ್ರಂಥಾಲಯಗಳಿಗೆ ಹೋಗಿ ಸೆಕ್ರೆಟರಿ ಕೈಯಲ್ಲಿ ಒಂದು ಚೀಟಿ ಕೊಡುದು. ಮುಖಪುಟ, ಬೆಲೆ, ಐಎಸ್‌ಬಿಎನ್ ಅಂದ್ರೆ ಪುಸ್ತಕದ ಗುರುತಿನ ನಂಬರ್, ಪ್ರಕಾಶಕರ ಹೆಸರು, ಯಾವ ಸ್ಟಾಲಲ್ಲಿ ಸಿಗ್ತದೆ ಅಂತ ಇದ್ರೆ ಸಾಕು. ಗ್ರಂಥಾಲಯಕ್ಕೆ ಸರಿಯಾದ ಬಿಲ್ ಬೇಕು, ನಿಮ್ಮ ಕೈಯಿಂದ ಹಾಗೇ ತಗೊಂಡ್ರೆ ಆಡಿಟಲ್ಲಿ ಕೇಳ್ತಾರೆ, ಹಾಗಾಗಿ ಪ್ರಕಾಶಕರ ಸ್ಟಾಲ್ ಮೂಲಕ ಹೋಗ್ಲಿ, ಅಥವಾ ನಿಮ್ಮ 300ರ ಪೈಕಿ ಇಷ್ಟು ಅಂತ ಅವರ ಬಿಲ್ಲಲ್ಲೇ ಕೊಡುವ ಹಾಗೆ ಮೊದಲೇ ಮಾತಾಡಿ. ಮತ್ತೆ ಐಎಸ್‌ಬಿಎನ್‌ಗೆ ಯಾರಾದ್ರೂ ದುಡ್ಡು ಕೇಳಿದ್ರೆ ಕೊಡ್ಬೇಡಿ, ರಾಜಾ ರಾಮಮೋಹನ ರಾಯ್ ಏಜೆನ್ಸಿಯಿಂದ ಆನ್‌ಲೈನಲ್ಲಿ ಫ್ರೀ ಸಿಗುದು ಅದು.

ಇನ್ನೊಂದು, ಜೂನ್ 19. ಕೇರಳದ ಗ್ರಂಥಾಲಯ ಚಳವಳಿ ಕಟ್ಟಿದ ಪಿ.ಎನ್. ಪಣಿಕ್ಕರ್ ಸ್ಮರಣೆಯ ವಾಚನಾ ದಿನ, ಮತ್ತೆ ಒಂದು ವಾರ ಎಲ್ಲ ಶಾಲೆಯಲ್ಲೂ ಓದಿನ ಕಾರ್ಯಕ್ರಮ. ಕನ್ನಡ ಮೀಡಿಯಂ ಶಾಲೆಯ ಟೀಚರುಗಳು ಆ ವಾರ ಬರಹಗಾರರನ್ನು ಹುಡುಕ್ತಾ ಇರ್ತಾರೆ, ಸಿಗುದಿಲ್ಲ ಅವ್ರಿಗೆ. ನೀವಾಗಿಯೇ ಫೋನ್ ಮಾಡಿ "ನಾನು ಬಂದು ಒಂದು ಕತೆ ಓದಿ ಹೇಳ್ತೇನೆ, ಸಂಭಾವನೆ ಬೇಡ" ಅಂತ ಹೇಳಿ ನೋಡಿ. ಮಕ್ಕಳ ಕೈಯಿಂದ ದುಡ್ಡು ತೆಗೀಲಿಕ್ಕೆ ಹೋಗ್ಬೇಡಿ, ಶಾಲಾ ಲೈಬ್ರರಿಗೆ ಎರಡು, ಸ್ಟಾಫ್ ರೂಮಲ್ಲಿ ಐದಾರು, ಅಷ್ಟು ಹೋಗ್ತದೆ.

ಮತ್ತೊಂದು ಯಾರೂ ಹೇಳದ ವಿಷ್ಯ. ನಮ್ಮ ಮಳೆಗಾಲದಲ್ಲಿ 300 ಪುಸ್ತಕ ಮನೆಯಲ್ಲಿ ಇಡುದು ಸುಲಭ ಅಲ್ಲ. ನೆಲದಲ್ಲಿ ಗೋಡೆಗೆ ತಾಗಿಸಿ ಇಟ್ರೆ ಆಟಿ ತಿಂಗಳು ಮುಗಿಯುವಾಗ ಬೂಸ್ಟು ಹಿಡ್ದಿರ್ತದೆ. ಹಲಗೆ ಮೇಲೆ ಇಡಿ, ಗೋಡೆಯಿಂದ ದೂರ ಇಡಿ, ಬಂಡಲ್‌ನ ಪ್ಲಾಸ್ಟಿಕ್ ಒಡೀಬೇಡಿ. ಬಿಡುಗಡೆ ಏಪ್ರಿಲ್ ಮೇಯಲ್ಲಿ ಇಡಿ, ರಜೆಗೆ ಬೆಂಗಳೂರಿನವರೂ ಗಲ್ಫಿನವರೂ ಊರಿಗೆ ಬಂದಿರ್ತಾರೆ, ಮಳೆ ಬರುವ ಮೊದಲು ಅರ್ಧ ಖಾಲಿ ಆಗ್ಲಿ.

ಕಹಿಬೇವು:
ಇಷ್ಟೆಲ್ಲ ಯಾಕೆ? ಕನ್ನಡದಲ್ಲಿ ಓದುವವರಿಗಿಂತ ಬರೆಯುವವರೇ ಜಾಸ್ತಿ ಆಗಿದ್ದಾರೆ. 300ನ್ನೂ ಹಂಚಿ ಬಿಡಿ ಪುಣ್ಯ ಬರ್ತದೆ. ಮಾರ್ಕೆಟಿಂಗ್ ಮಾಡ್ಲಿಕ್ಕೆ ಇದೆಂತ ಸಾಬೂನಾ.

ಅಕ್ಕಲಕೋಟಿ_ಮಾಸ್ತರ:
ಕಹಿಬೇವು ಅವರ, ಹಂಗ ಅನಬ್ಯಾಡ್ರಿ. ಗಳಗನಾಥರು ತಮ್ಮ ಕಾದಂಬರಿ ತಾವ ಹೊತಗೊಂಡು ಊರೂರು ತಿರಗಿ ಮಾರಿದವರು, ಅವರಿಗಿಂತ ದೊಡ್ಡವರೇನ್ರಿ ನಾವು? ಮಾರೂದಕ್ಕ ನಾಚಿಕಿ ಯಾಕ.

ಪೈವಳಿಕೆಯವರಿಗೆ ನಮಸ್ಕಾರ್ರಿ. ನಾ ಸೊಲ್ಲಾಪುರ ಜಿಲ್ಲಾ ಅಕ್ಕಲಕೋಟ ತಾಲೂಕಿನ ಕನ್ನಡ ಸಾಲಿ ಮಾಸ್ತರ. ನಿಮಗ ಮಲಯಾಳಂ, ನಮಗ ಮರಾಠಿ, ಅಷ್ಟ ಫರಕ, ಉಳಿದದ್ದೆಲ್ಲ ಒಂದ ಹಣೇಬರಹ. ನಂದೂ ಒಂದು ಕವನಸಂಕಲನ ಬಂದದ, ಕವನ ಅಂದ್ರ ಕತಿಗಿಂತ ಕಠಿಣ ಮಾಲು, ಅದನ್ನೂ ಖಾಲಿ ಮಾಡೀನಿ. ಹೆಂಗ ಅಂತ ಹೇಳ್ತೀನಿ.

ಒಂದನೇದು, ಪುಸ್ತಕ ಪ್ರೆಸ್ಸಿಗೆ ಹೋಗೂದಕ್ಕ ಮೊದಲ ಮಾರಾಟ ಸುರು ಮಾಡ್ರಿ. ಧಾರವಾಡದ ಮನೋಹರ ಗ್ರಂಥಮಾಲಾ ಅನ್ನೂ ಪ್ರಕಾಶನ 1933ರಾಗ ಸುರು ಆದಾಗಿಂದ ನಿಂತದ್ದ ಚಂದಾದಾರರ ಮ್ಯಾಲೆ, ಓದುವವರ ಹೆಸರು ಪತ್ತೆ ಮೊದಲ ಕೈಯಾಗ, ಆಮ್ಯಾಲೆ ಪುಸ್ತಕ. ನೀವೂ ಹಂಗ ಒಂದು ನೋಟಬುಕ್ಕ ಮಾಡ್ರಿ, ಕಾಲೇಜಿನ ಗೆಳ್ಯಾರು, ಕಲಿಸಿದ ಗುರುಗಳು, ನೌಕರಿ ಮಂದಿ, ಹೆಂಡ್ತಿ ಕಡಿ ಬೀಗರು, ಕತಿ ಓದಿ ಒಮ್ಮೆ ಫೋನ ಹಚ್ಚಿದವರು, ಎಲ್ಲಾರ ಹೆಸರು ನಂಬರ ಬರೀರಿ. ಪ್ರಕಟಣಪೂರ್ವ ಬೆಲೆ 150 ಅಂತ ಇಡ್ರಿ. ಒಬ್ಬೊಬ್ಬರಿಗೂ ಫೋನ ಹಚ್ಚಿ ಮಾತಾಡ್ರಿ, ಮೆಸೇಜ ಅಲ್ಲ, ಫೋನ. ಮೆಸೇಜಿಗೆ ಹೆಬ್ಬಟ್ಟು ಬರ್ತದ, ಫೋನಿಗೆ ರೊಕ್ಕ ಬರ್ತದ. ಅಚ್ಚಾಗೂದ್ರಾಗ ಎಷ್ಟು ಆರ್ಡರ ಬಂದಾವ ಅನ್ನೂದ ನೋಡಿದ್ರ ನಿಮಗ 300 ಬೇಕೋ 150 ಸಾಕೋ ತಾನ ತಿಳೀತದ, ಪ್ರಕಾಶಕರ ಮುಂದ ಕುಂತು ಮಾತಾಡಾಕೂ ಧೈರ್ಯ ಬರ್ತದ.

ಎರಡನೇದು, ಬಿಡಿಬಿಡಿಯಾಗಿ ಮಾರೂದಕ್ಕಿಂತ ಕಟ್ಟಿಗಟ್ಟಲೆ ಕೇಳವರನ್ನ ಹುಡುಕ್ರಿ. ನಮ್ಮ ಕಡೆ ಮಾಸ್ತರ ನಿವೃತ್ತಿ ಆದ್ರ ಶಾಲು, ಹಾರ, ತೆಂಗಿನಕಾಯಿ. ಕರ್ನಾಟಕ ಸರಕಾರ 2021ರಾಗ ಹಾರ ತುರಾಯಿ ಶಾಲು ಬ್ಯಾಡ, ಕನ್ನಡ ಪುಸ್ತಕ ಕೊಡ್ರಿ ಅಂತ ಸುತ್ತೋಲೆ ಹೊರಡಿಸ್ತು, ಅಲ್ಲಿ ಎಷ್ಟು ನಡೀತೋ ಬಿಟ್ಟಿತೋ, ನಾವು ಮಾತ್ರ ಆ ಮಾತು ಹಿಡಕೊಂಡ್ವಿ. ಸಾಲಿ ಬಳಗದಾಗ ಯಾರದ ನಿವೃತ್ತಿ ಇರಲಿ, ಬಂದ ಅತಿಥಿಗಳಿಗೆ ನನ್ನ ಪುಸ್ತಕ, ಇನ್ನೊಬ್ಬರದಿದ್ರ ಇನ್ನೊಬ್ಬರದು. ಗೃಹಪ್ರವೇಶ, ಮುಂಜಿ, ಬೆಳ್ಳಿಹಬ್ಬ, ಹೀಂಗ ಇಪ್ಪತ್ತು ಮೂವತ್ತು ಒಮ್ಮೆಲೇ ಹೋಗ್ತಾವ. ನಿಮ್ಮ ಕಡೆ ಬ್ರಹ್ಮಕಲಶ, ಯಕ್ಷಗಾನ ಸಪ್ತಾಹ ಅಂತ ಭಾಳ ಇರ್ತಾವಂತ ಕೇಳೀನಿ, ಅಲ್ಲಿ ಸನ್ಮಾನ ಇಲ್ಲದ ದಿನ ಐತೇನ್ರಿ?

ಮೂರನೇದು ಭಾಳ ಮಹತ್ವದ್ದು, ಉದ್ರಿ ಕೊಡಬ್ಯಾಡ್ರಿ. "ಪುಸ್ತಕ ಕೊಟ್ಟಿರ್ರಿ, ರೊಕ್ಕ ಆಮ್ಯಾಲೆ ಕೊಡ್ತೀನಿ" ಅಂದವರ ಹತ್ರ ಪುಸ್ತಕಾನೂ ಹೋತು ಗೆಳೆತನಾನೂ ಹೋತು.

ಪೈವಳಿಕೆ_ಪುಟ:
ಮಾಸ್ತರೇ, ಮೆಸೇಜಿಗೆ ಹೆಬ್ಬಟ್ಟು ಅಂದದ್ದು ನೂರಕ್ಕೆ ನೂರು ಸತ್ಯ. ಫೋನ್ ಮಾಡುದು ಹೇಳಿದ್ರೆ ನನಗೆ ಸ್ವಲ್ಪ ಸಂಕೋಚದ ಜಾತಿ, ಆದ್ರೂ ನೋಟ್‌ಬುಕ್ ಇವತ್ತೇ ಶುರು ಮಾಡ್ತೇನೆ. ಬದಿಯಡ್ಕದವರೇ, ಲೈಬ್ರರಿ ವಿಷ್ಯ ನನ್ನ ತಲೆಗೇ ಹೊಳೆದದ್ದಿಲ್ಲ, ನಮ್ಮ ಮನೆಯಿಂದ ಅರ್ಧ ಕಿಲೋಮೀಟರಲ್ಲಿ ಒಂದು ಉಂಟು, ಪೇಪರ್ ಓದ್ಲಿಕ್ಕೆ ಹೋಗ್ತಾ ಇದ್ದದ್ದು. ಆನ್‌ಲೈನ್ ಬಗ್ಗೆ ಯಾರಾದ್ರೂ ಹೇಳಿ. ಒಬ್ರು ಪೇಜ್ ನಡೆಸುವವರು ಐದು ಸಾವಿರ ಕೊಡಿ, ಪ್ರಮೋಷನ್ ಪ್ಯಾಕೇಜ್ ಮಾಡಿ ಕೊಡ್ತೇವೆ ಅಂತ ಮೆಸೇಜ್ ಹಾಕಿದ್ದಾರೆ, ಕೊಡ್ಲಾ?

ಕುಂಬ್ಳೆ_ಟು_ಬೆಂಗ್ಳೂರು:
ಕೊಡ್ಬೇಡಿ. ಪ್ಲೀಸ್ ಕೊಡ್ಬೇಡಿ. ನಾನು ಇದೇ ಡಿಜಿಟಲ್ ಮಾರ್ಕೆಟಿಂಗ್ ಕೆಲಸದಲ್ಲಿ ಇರುದು, ಪುಸ್ತಕದ್ದಲ್ಲ, ಬೇರೆ ಸಾಮಾನಿಂದು, ಆದ್ರೆ ನನ್ನ ಸೋದರತ್ತೆಯ ಪುಸ್ತಕಕ್ಕೆ ಎಲ್ಲ ನಾನೇ ಮಾಡಿದ್ದು ಹಾಗಾಗಿ ಹೇಳ್ತಿದ್ದೇನೆ. ಆ ಪ್ಯಾಕೇಜ್ ಅಂದ್ರೆ ಮುಖಪುಟದ ಫೋಟೋಕ್ಕೆ ಹೂವಿನ ಬಾರ್ಡರ್ ಹಾಕಿ ಅವರ ಪೇಜಲ್ಲಿ ಮೂರು ಸಲ ಹಾಕುದು, ಅದನ್ನು ನೋಡುದು ಅದೇ ಥರ ದುಡ್ಡು ಕೊಟ್ಟ ಬೇರೆ ಲೇಖಕರು.

ಫೇಸ್‌ಬುಕ್ಕಲ್ಲಿ "ನನ್ನ ಪುಸ್ತಕ ಬಿಡುಗಡೆ, ಎಲ್ಲರೂ ಬನ್ನಿ, ಕೊಂಡು ಓದಿ" ಅಂತ ಹಾಕಿದ್ರೆ ಜನ ಅಭಿನಂದನೆ ಹೇಳಿ ಮುಂದೆ ಹೋಗ್ತಾರೆ, ಯಾಕಂದ್ರೆ ನೀವು ಅವ್ರಿಗೆ ಸುದ್ದಿ ಕೊಟ್ರಿ, ಓದ್ಲಿಕ್ಕೆ ಏನೂ ಕೊಡ್ಲಿಲ್ಲ. ಹನ್ನೊಂದರಲ್ಲಿ ಒಂದು ಒಳ್ಳೆ ಕತೆ, ನಿಮ್ಮ ಬೆಸ್ಟ್ ಕತೆ, ಪೂರ್ತಿ ಫ್ರೀಯಾಗಿ ಹಾಕಿ ಬಿಡಿ. ಅಯ್ಯೋ ಬೆಸ್ಟ್ ಕತೆ ಓದಿದ ಮೇಲೆ ಪುಸ್ತಕ ಯಾಕೆ ತಗೊಳ್ತಾರೆ ಅಂತ ಕೇಳ್ಬೇಡಿ, ಓದಿ ಇಷ್ಟ ಆದವರೇ ತಗೊಳ್ಳುದು, ಓದದವರು ಹೇಗೂ ತಗೊಳ್ಳುದಿಲ್ಲ. ಪ್ರತಿಲಿಪಿ ಅಂತ ಕತೆ ಓದುವ ಆ್ಯಪಲ್ಲಿ ಹಾಕ್ಬಹುದು, ನಿಮ್ಮ ಗೋಡೆ ಮೇಲೇ ಹಾಕ್ಬಹುದು. ಉಳಿದ ಕತೆಗಳಿಂದ ಒಂದೊಂದು ಪ್ಯಾರಾ ನಿಮ್ಮದೇ ದನಿಯಲ್ಲಿ ಓದಿ ಒಂದು ನಿಮಿಷದ ರೀಲ್ ಮಾಡಿ. ನಮ್ಮ ಕಾಸರಗೋಡು ಕನ್ನಡ, ನಡುವಲ್ಲಿ ತುಳು, ಮಲಯಾಳಂ ಬರುದು, ಅದನ್ನು ಕೇಳ್ಲಿಕ್ಕೆ ಬೆಂಗಳೂರಲ್ಲಿ, ದುಬೈಯಲ್ಲಿ ಕೂತ ನಮ್ಮವರಿಗೆ ಎಷ್ಟು ಖುಷಿ ಗೊತ್ತುಂಟಾ? ಅತ್ತೆಯ ಪುಸ್ತಕಕ್ಕೆ ಅತಿ ಹೆಚ್ಚು ಆರ್ಡರ್ ಬಂದದ್ದು ಬಿಡುಗಡೆ ಫೋಟೋದಿಂದ ಅಲ್ಲ, ಅವರು ಅಡಿಗೆಮನೆಯಲ್ಲಿ ಕೂತು ಒಂದು ಪುಟ ಓದಿದ ವೀಡಿಯೋದಿಂದ, ಹಿಂದೆ ಕುಕ್ಕರ್ ಸೀಟಿ ಹೊಡೀತಾ ಇತ್ತು, ಕಟ್ ಕೂಡ ಮಾಡ್ಲಿಲ್ಲ.

ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟಲ್ಲಿ 256 ಜನ ಸೇರಿಸ್ಬಹುದು, ಆದ್ರೆ ನಿಮ್ಮ ನಂಬರ್ ಸೇವ್ ಮಾಡಿದವರಿಗೆ ಮಾತ್ರ ಅದು ಮುಟ್ಟುದು, ಇದು ತುಂಬಾ ಜನಕ್ಕೆ ಗೊತ್ತಿಲ್ಲ, ಕಳಿಸಿದ್ದೇನೆ ಅಂತ ಸಮಾಧಾನದಲ್ಲಿ ಕೂತಿರ್ತಾರೆ. ಫ್ಯಾಮಿಲಿ ಗ್ರೂಪು, ದೇವಸ್ಥಾನದ ಗ್ರೂಪಲ್ಲಿ ದಿನಾ ಹಾಕಿದ್ರೆ ಮ್ಯೂಟ್ ಮಾಡ್ತಾರೆ. ಕಾಮೆಂಟ್ ಹಾಕಿದ ಆ ಮುನ್ನೂರು ಜನರಿಗೆ ಒಬ್ಬೊಬ್ರಿಗೇ ಇನ್‌ಬಾಕ್ಸಲ್ಲಿ ಹೆಸರು ಹಿಡಿದು ಬರೀರಿ, "ಆ ಕತೆಯ ಬಗ್ಗೆ ನೀವು ಹೀಗೆ ಹೇಳಿದ್ರಿ, ಅದು ಈ ಸಂಕಲನದಲ್ಲಿ ಉಂಟು" ಅಂತ, ಕೆಳಗೆ ಯುಪಿಐ ಕ್ಯೂಆರ್. ತಡ ಆಗ್ತದೆ, ಬೇಜಾರೂ ಬರ್ತದೆ, ಆದ್ರೆ ಇದೇ ನಡೆಯುದು.

ಪೇಯ್ಡ್ ಜಾಹೀರಾತು ಈಗ ಬೇಡ. ಒಂದು ಪುಸ್ತಕದಲ್ಲಿ ನಿಮಗೆ ಉಳಿಯುದು ನಲವತ್ತು ಎಪ್ಪತ್ತು ರೂಪಾಯಿ, ಆ ಮಾರ್ಜಿನಲ್ಲಿ ಬೂಸ್ಟ್ ಬಟನ್ ಒತ್ತಿದ್ರೆ ಫೇಸ್‌ಬುಕ್ಕಿನವರಿಗೇ ದುಡಿದ ಹಾಗೆ. ನಾಲ್ಕು ಪುಸ್ತಕ ಬಂದ ಮೇಲೆ ನಾಲ್ಕನ್ನೂ ಒಟ್ಟಿಗೆ ಮಾರುವಾಗ ಲೆಕ್ಕ ಬೇರೆ.

ಇ-ಬುಕ್ ಮಾಡುವ ಯೋಚನೆ ಇದ್ರೆ ಕಿಂಡಲ್ ನೆಚ್ಚಿಕೊಳ್ಬೇಡಿ. 2016ರಲ್ಲಿ ಅಮೆಜಾನಿನವರು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಅಂತ ಐದು ಭಾಷೆಗೆ ಕಿಂಡಲ್ ಬಾಗಿಲು ತೆಗೆದ್ರು, ಕನ್ನಡಕ್ಕೆ ಇಲ್ಲ. ನಿಮ್ಮ ಪಕ್ಕದ ಮನೆಯ ಮಲಯಾಳಂ ಬರಹಗಾರ ಹಾಕ್ಬಹುದು ನೀವು ಹಾಕ್ಲಿಕ್ಕಾಗುದಿಲ್ಲ, ಏನು ಹೇಳುದು ಇದಕ್ಕೆ. ಗೂಗಲ್ ಪ್ಲೇ ಬುಕ್ಸಲ್ಲಿ ಆಗ್ತದೆ, ಮೈಲ್ಯಾಂಗ್ ಅಂತ ಕನ್ನಡದ್ದೇ ಆ್ಯಪ್ ಉಂಟು, ಅದ್ರಲ್ಲಿ ಆಡಿಯೋ ಕೂಡ ಬರ್ತದೆ. ಒಂದು ಮುಖ್ಯ ಮಾತು, ಡಿಟಿಪಿಯವರ ಹತ್ರ ಯೂನಿಕೋಡ್ ಫೈಲ್ ಬರೆದು ಕೇಳಿ ತಗೊಳ್ಳಿ. ಹಳೇ ನುಡಿ, ಶ್ರೀಲಿಪಿ ಫಾಂಟಲ್ಲಿ ಮಾಡಿ ಪಿಡಿಎಫ್ ಮಾತ್ರ ಕೊಟ್ರೆ ನಾಳೆ ಒಂದು ಪ್ಯಾರಾ ಕಾಪಿ ಮಾಡಿ ಪೇಸ್ಟ್ ಮಾಡಿದ್ರೆ ಚಿತ್ರಲಿಪಿ ಬರ್ತದೆ, ಆಮೇಲೆ ಪುನಃ ಟೈಪ್ ಮಾಡುದು ಯಾರು.

ತಾಳವಾಡಿ_ತಿರುವು:
ನಮ್ದು ಈರೋಡು ಜಿಲ್ಲೆ ತಾಳವಾಡಿ, ರಾಜ್‌ಕುಮಾರ್ ಹುಟ್ಟಿದ ಗಾಜನೂರು ಪಕ್ಕ ಅಂದ್ರೆ ಎಲ್ರಿಗೂ ಗೊತ್ತಾಗುತ್ತೆ. ಇಲ್ಲಿ ಕನ್ನಡ ಮಾತಾಡೋರೇ ಎಲ್ಲಾ, ಆದ್ರೆ ಕನ್ನಡ ಪುಸ್ತಕ ಬೇಕು ಅಂದ್ರೆ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋಗ್ಬೇಕು. ನಾನು ಬರೆಯೋನಲ್ಲ ಓದೋನು, ಅದಕ್ಕೇ ಓದೋರ ಕಡೆಯಿಂದ ಒಂದ್ ಮಾತು. ಕನ್ನಡದ ಪುಸ್ತಕ ತರಿಸ್ಬೇಕು ಅಂದ್ರೆ ನಮಗೆ ದೊಡ್ಡ ತೊಂದ್ರೆ ಬೆಲೆ ಅಲ್ಲ, ಸಾಗಾಣಿಕೆ. ಒಂದ್ಸಲ 120 ರೂಪಾಯಿ ಪುಸ್ತಕಕ್ಕೆ 80 ರೂಪಾಯಿ ಕೊರಿಯರ್ ಅಂತ ತೋರಿಸ್ತು, ಬುಟ್ಬುಟ್ಟೆ. ನೀವು "ಅಂಚೆ ವೆಚ್ಚ ಸೇರಿ ಇಷ್ಟು" ಅಂತ ಒಂದೇ ರೇಟ್ ಹೇಳಿ, ಯಾವ ರಾಜ್ಯ ಆದ್ರೂ ಅದೇ ರೇಟು. ಗಡಿಯಾಚೆ ಇರೋರಿಗೆ ಇದೇ ದೊಡ್ಡ ಉಪಕಾರ. ಇನ್ನೊಂದು, ಈರೋಡಲ್ಲಿ ಪ್ರತಿ ವರ್ಷ ಆಗಸ್ಟಲ್ಲಿ ಪುಸ್ತಕದ ಹಬ್ಬ ಆಗುತ್ತೆ, ಅಲ್ಲಿ ನೋಡಿದೀನಿ, ತಮಿಳು ಲೇಖಕರು ತಮ್ಮ ಪುಸ್ತಕ ಇರೋ ಸ್ಟಾಲಲ್ಲಿ ಸಾಯಂಕಾಲ ನಿಂತಿರ್ತಾರೆ, ಜನ ಬಂದು ಸೈನ್ ಹಾಕಿಸ್ಕೊಂಡು ಮಾತಾಡಿಸ್ಕೊಂಡು ಹೋಗ್ತಾರೆ. ಕನ್ನಡದ ಸಮ್ಮೇಳನದಲ್ಲಿ ಲೇಖಕರು ವೇದಿಕೆ ಮೇಲೆ ಇರ್ತಾರೆ ಇಲ್ಲಾ ಊಟದ ಸಾಲಲ್ಲಿ, ಸ್ಟಾಲಲ್ಲಿ ಕಾಣೋದೇ ಕಮ್ಮಿ.

ಪೆರ್ಲ_ಪರಿಭಾಷೆ:
ತಾಳವಾಡಿಯವರು ಪಾಯಿಂಟ್ ಹೇಳಿದ್ರು. ಮಲಯಾಳಂನಲ್ಲೂ ಹಾಗೇ, ವೈಕಂ ಮುಹಮ್ಮದ್ ಬಷೀರ್ ತನ್ನ ಪುಸ್ತಕ ತಾನೇ ಹೊತ್ತು ಮಾರಿದವರು, ಆಮೇಲೆ ಎರ್ನಾಕುಳದಲ್ಲಿ ಪುಸ್ತಕದಂಗಡಿಯೇ ಇಟ್ರು. ಮಾಸ್ತರು ಹೇಳಿದ ಗಳಗನಾಥರು ಒಂದು ಕಡೆ, ಬಷೀರ್ ಒಂದು ಕಡೆ, ನಾವು ಕಾಸರಗೋಡಿನವರು ನಡುವಲ್ಲಿ ಕೂತು ಮಾರ್ಲಿಕ್ಕೆ ನಾಚಿಕೆ ಅಂತ ಹೇಳುದು ಚಂದ ಅಲ್ಲ. 1945ರಲ್ಲೇ ಕೋಟ್ಟಯಂನಲ್ಲಿ ಬರಹಗಾರರೇ ಸೇರಿ ಸಹಕಾರ ಸಂಘ ಮಾಡಿ ಪುಸ್ತಕ ಪ್ರಕಟಿಸ್ಲಿಕ್ಕೆ ಶುರು ಮಾಡಿದ್ರು, ಸಾಹಿತ್ಯ ಪ್ರವರ್ತಕ ಸಂಘ. ನಮ್ಮಲ್ಲಿ ಹಾಲಿಗೆ ಸೊಸೈಟಿ ಉಂಟು, ಅಡಿಕೆಗೆ ಕ್ಯಾಂಪ್ಕೋ ಉಂಟು, ಪುಸ್ತಕಕ್ಕೆ ಮಾತ್ರ ಒಬ್ಬೊಬ್ರೇ ಚೀಲ ಹೊರುದು.

ನಾನು ಮಲಯಾಳಂ ಕನ್ನಡ ಎರಡಕ್ಕೂ ಅನುವಾದ ಮಾಡ್ತೇನೆ, ಆ ಕಡೆಯಿಂದ ಒಂದು ಸಲಹೆ. ಒಂದು ಕತೆಯನ್ನು ಮಲಯಾಳಂಗೆ ಮಾಡಿಸಿ ಅಲ್ಲಿನ ವಾರಪತ್ರಿಕೆಗೆ ಕಳಿಸಿ. ನಿಮ್ಮ ಕನ್ನಡ ಪುಸ್ತಕ ಅದ್ರಿಂದ ಖಂಡಿತ ಒಂದೂ ಮಾರಾಟ ಆಗ್ಲಿಕ್ಕಿಲ್ಲ, ಆದ್ರೆ ಕಾಸರಗೋಡಿನ ಸಾಂಸ್ಕೃತಿಕ ಕಾರ್ಯಕ್ರಮದವರು ನಿಮ್ಮನ್ನು ಕರೀಲಿಕ್ಕೆ ಶುರು ಮಾಡ್ತಾರೆ, ಅಲ್ಲಿ ಸಭೆಯಲ್ಲಿ ಅರ್ಧ ಜನ ಕನ್ನಡ ಓದ್ಲಿಕ್ಕೆ ಬರುವವರೇ, ಶಾಲೆಯಲ್ಲಿ ಕಲ್ತು ಆಮೇಲೆ ಬಿಟ್ಟವರು. ಆ ಪುಸ್ತಕ ಬಿಟ್ಟ ಓದುಗರು ನಮ್ಮ ಜಿಲ್ಲೆಯಲ್ಲಿ ತುಂಬಾ ಉಂಟು, ಅವ್ರನ್ನು ಯಾರೂ ಲೆಕ್ಕಕ್ಕೆ ಹಿಡಿಯುದಿಲ್ಲ.

ಬಿಡುಗಡೆ ಕಾರ್ಯಕ್ರಮದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರ. ಹಾಲ್, ಫ್ಲೆಕ್ಸ್, ಐದು ಅತಿಥಿ, ಸ್ವಾಗತ ಧನ್ಯವಾದ ನಿರೂಪಣೆ, ಎರಡು ಗಂಟೆ ಆದ ಮೇಲೆ ಲೇಖಕರಿಗೆ ಮೂರು ನಿಮಿಷ, ಜನ ಎದ್ದು ಊಟಕ್ಕೆ ಹೋಗಿ ಆಯ್ತು, ಪುಸ್ತಕದ ಟೇಬಲಲ್ಲಿ ಒಬ್ಬ ಹುಡುಗ ಮೊಬೈಲ್ ನೋಡ್ತಾ ಕೂತಿರ್ತಾನೆ. ಬೇರೆ ಯಾರಾದ್ರೂ ಮಾಡುವ ಕಾರ್ಯಕ್ರಮದಲ್ಲಿ ಹದಿನೈದು ನಿಮಿಷ ಕೇಳಿ ತಗೊಳ್ಳಿ. ತಾಳಮದ್ದಳೆ ಕೂಟ, ಶಾಲೆಯ ವಾರ್ಷಿಕೋತ್ಸವ, ಸಾಹಿತ್ಯ ಪರಿಷತ್ತಿನ ಗಡಿನಾಡ ಘಟಕದ್ದು, ಯಾವುದಾದ್ರೂ ಆದೀತು. ಜನ ಅವರದ್ದು, ಪೆಂಡಾಲ್ ಅವರದ್ದು, ಟೇಬಲ್ ಮಾತ್ರ ನಿಮ್ಮದು. ಟೇಬಲ್ ಬಾಗಿಲ ಹತ್ರ ಇರ್ಲಿ, ವೇದಿಕೆ ಹತ್ರ ಬೇಡ.

ಬದಿಯಡ್ಕ_ವಾಚನಾಲಯ:
ಪೆರ್ಲದವರ ಮಾತಿಗೆ ನನ್ನದು ಸ್ವಲ್ಪ ವಿರೋಧ ಉಂಟು. ಮೊದಲ ಪುಸ್ತಕಕ್ಕೆ ಮನೆಯವರು, ಊರಿನವರು ಸೇರುವ ಒಂದು ಕಾರ್ಯಕ್ರಮ ಇರ್ಲಿ, ಎಲ್ಲದಕ್ಕೂ ಲಾಭನಷ್ಟ ನೋಡಿದ್ರೆ ಹೇಗೆ? ಪತ್ರಿಕೆಯಲ್ಲಿ ಸುದ್ದಿ ಬರ್ಲಿಕ್ಕೂ ಒಂದು ಕಾರ್ಯಕ್ರಮ ಬೇಕು, ಬರೇ ಪುಸ್ತಕ ಬಂತು ಅಂದ್ರೆ ಸ್ಥಳೀಯ ಪುಟದಲ್ಲಿ ಸುದ್ದಿ ಮಾಡುದಿಲ್ಲ. ಊಟ ಬೇಡ, ಚಹಾ ಅವಲಕ್ಕಿ ಸಾಕು. ನಮ್ಮ ವಾಚನಾಲಯದ ಹಾಲ್ ಫ್ರೀ ಉಂಟು, ಫ್ಯಾನ್ ಒಂದು ತಿರುಗುದಿಲ್ಲ.

ಫ್ರೀ ಕಾಪಿ ಯಾರಿಗೆ ಅಂತ ಕೇಳಿದ್ರಲ್ಲ, ಅದಕ್ಕೆ ಉತ್ತರ ಯಾರೂ ಕೊಟ್ಟಿಲ್ಲ. ನನ್ನ ಪ್ರಕಾರ ಪುಸ್ತಕವನ್ನು ನಾಲ್ಕು ಜನಕ್ಕೆ ಹೇಳುವವರಿಗೆ ಮಾತ್ರ. ಪತ್ರಿಕೆಗಳ ವಿಮರ್ಶೆಗೆ ಎರಡೆರಡು ಪ್ರತಿ, ಮಂಗಳೂರು ಆಕಾಶವಾಣಿಗೆ ಒಂದು, ಇಲ್ಲಿ ನಮ್ಮಲ್ಲಿ ಕೇಳುವವರಿದ್ದಾರೆ ಇನ್ನೂ. ಕಾಸರಗೋಡು ಸರಕಾರಿ ಕಾಲೇಜಿನ ಕನ್ನಡ ವಿಭಾಗಕ್ಕೆ, ಮಂಜೇಶ್ವರದ ಗೋವಿಂದ ಪೈ ಕಾಲೇಜಿಗೆ. ಸ್ಪರ್ಧೆ, ದತ್ತಿ ಬಹುಮಾನಗಳಿಗೆ ಕಳಿಸುವ ಪ್ರತಿ ತೆಗೆದಿಡಿ. ನ್ಯಾಷನಲ್ ಲೈಬ್ರರಿಗೆ ಕಳಿಸುದು ಕಾನೂನಿನ ಪ್ರಕಾರ ಪ್ರಕಾಶಕರ ಜವಾಬ್ದಾರಿ, 1954ರ ಕಾಯ್ದೆ, ಅದನ್ನು ಅವರ 200ರಿಂದ ತೆಗೀಲಿ. ಸನ್ಮಾನ ಮಾಡಿದ ಗಣ್ಯರಿಗೆ ಕೊಡುದು ಬೇಡ, ಅವರ ಮನೆ ಟೀಪಾಯಿ ಕೆಳಗೆ ಇಂಥದ್ದು ಬೇಕಾದಷ್ಟು ಬಿದ್ದಿರ್ತದೆ. ನೆಂಟರಿಗೂ ಬೇಡ, ನೆಂಟರು ದುಡ್ಡು ಕೊಟ್ರೆ ಮಾತ್ರ ಓದುದು.

ಕುಂಬ್ಳೆ_ಟು_ಬೆಂಗ್ಳೂರು:
ನೆಂಟರ ವಿಷ್ಯ 😄 ಅಕ್ಷರಶಃ ನಿಜ.
ಒಂದು ಕೇಳ್ಲಿಕ್ಕೆ ಮರೆತೆ, ನಿಮ್ಮ ವಯಸ್ಸು 40 ಒಳಗೆ ಉಂಟಾ? ಕನ್ನಡ ಪುಸ್ತಕ ಪ್ರಾಧಿಕಾರದವರು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡ್ತಾರೆ, 18ರಿಂದ 40ರ ಒಳಗಿನವರಿಗೆ. ಹಸ್ತಪ್ರತಿ ಇರುವಾಗಲೇ ಹಾಕ್ಲಿಕ್ಕಿರುದು, ಅಚ್ಚಾದ ಮೇಲೆ ಕೇಳಿದ್ರೆ ಪ್ರಯೋಜನ ಇಲ್ಲ. ಪ್ರೆಸ್ಸಿಗೆ ಕೊಡುವ ಮೊದಲು ಈ ಸಲದ ಅರ್ಜಿಯ ನಿಯಮ ಒಮ್ಮೆ ನೋಡಿ.

ಪೈವಳಿಕೆ_ಪುಟ:
36 ನನಗೆ, ನೋಡ್ತೇನೆ ಥ್ಯಾಂಕ್ಸ್ ಅಕ್ಕ. ಮೊನ್ನೆ ಪ್ರಕಾಶಕರ ಹತ್ರ ಮಾತಾಡಿದೆ, 150 ಈಗ ತಗೊಳ್ತೇನೆ, ಉಳಿದ 150 ನಿಮ್ಮಲ್ಲೇ ಇರ್ಲಿ, ಬೇಕಾದಾಗ ಐವತ್ತೈವತ್ತು ಎತ್ತುದು, ದುಡ್ಡು ಆವಾಗಾವಾಗ ಕೊಡುದು ಅಂತ. ಮೊದಲು ಸ್ವಲ್ಪ ಮುಖ ಗಂಟು ಮಾಡಿದ್ರು, ಪ್ರಕಟಣಪೂರ್ವ ಆರ್ಡರಿನ ನೋಟ್‌ಬುಕ್ ತೋರಿಸಿದ ಮೇಲೆ ಒಪ್ಪಿದ್ರು. ಲೈಬ್ರರಿಗಳಿಗೆ ಅವರದ್ದೇ ಬಿಲ್ ಕೊಡ್ಲಿಕ್ಕೂ ಆಯ್ತು ಅಂದಿದ್ದಾರೆ. ಫೋನ್ ಮಾಡುದು ನಾನು ಹೆದರಿದಷ್ಟು ಕಷ್ಟ ಇಲ್ಲ, ಜನ ಅರ್ಧ ಗಂಟೆ ಮಾತಾಡ್ತಾರೆ, ಪುಸ್ತಕ ಬಿಟ್ಟು ಬೇರೆ ಎಲ್ಲ ಮಾತಾಡಿ ಕೊನೆಗೆ ಒಂದು ಕಳಿಸು ಅಂತಾರೆ.

ಈಗ ಹೊಸ ತಲೆನೋವು ಅಂಚೆ. ತಾಳವಾಡಿಯವರು ಹೇಳಿದ ಹಾಗೆ ಅಂಚೆ ಸೇರಿ ಒಂದೇ ರೇಟ್ ಇಡುವ ಅಂತ ಉಂಟು. ಮೊದಲು ಬುಕ್ ಪೋಸ್ಟ್ ಅಂತ ಇತ್ತಲ್ಲ, ಈಗ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಲ್ಸಿದ್ದಾರೆ ಅಂತಾರೆ. 150ಕ್ಕೆ ಪುಸ್ತಕ ಕೊಟ್ಟು ಐವತ್ತು ರೂಪಾಯಿ ಅಂಚೆಗೇ ಹೋದ್ರೆ ನನಗೆ ಉಳಿಯುದೆಂತ?

ತಾಳವಾಡಿ_ತಿರುವು:
2025ರ ಮೇ ತಿಂಗಳಿಂದ ಜ್ಞಾನ ಪೋಸ್ಟ್ ಅಂತ ಬಂದೈತೆ ನೋಡಿ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100, ಮೇಲೆ ತೆರಿಗೆ. ಟ್ರ್ಯಾಕಿಂಗ್ ಐತೆ. ರಸ್ತೆ ರೈಲಲ್ಲಿ ಹೋಗುತ್ತೆ ಅದಕ್ಕೇ ನಿಧಾನ. ಒಳಗೆ ಜಾಹೀರಾತು ಇರಬಾರ್ದು, ಮುದ್ರಕರದ್ದೋ ಪ್ರಕಾಶಕರದ್ದೋ ಹೆಸರು ಪುಸ್ತಕದ ಮೇಲೆ ಇರ್ಬೇಕು.

ಬದಿಯಡ್ಕ_ವಾಚನಾಲಯ:
160 ಪುಟದ ಡೆಮ್ಮಿ ಕವರ್ ಸೇರಿ 300 ಗ್ರಾಂ ದಾಟುದಿಲ್ಲ, ದಪ್ಪ ರಟ್ಟು ಹಾಕಿ ಪ್ಯಾಕ್ ಮಾಡ್ಬೇಡಿ ಅಷ್ಟೆ. ಪ್ರೆಸ್ಸಿನವರಿಗೆ ಪೇಪರ್ 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಸಾಕು ಅಂತ ಹೇಳಿ. ಒಳಗೆ ಕಾಗದ ಬರೆದು ಇಡ್ಬೇಡಿ, ಏನು ಬರೀಲಿಕ್ಕಿದ್ರೂ ಪುಸ್ತಕದ ಮೊದಲ ಪುಟದಲ್ಲೇ ಹಸ್ತಾಕ್ಷರದ ಜೊತೆ ಬರೀರಿ.

ಅಕ್ಕಲಕೋಟಿ_ಮಾಸ್ತರ:
ಆ ಜ್ಞಾನ ಪೋಸ್ಟು ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಕ್ಕ ಅಂತ ನಿಯಮ ಅದರಿ. ಒಂದು ಅಂಚೆ ಕಚೇರ್ಯಾಗ ಕೌಂಟರಿನ ಹುಡುಗ ನನ್ನ ಕವನ ಪುಸ್ತಕ ತಿರುವಿ ತಿರುವಿ ನೋಡಿ "ಇದು ಯಾವುದರಾಗ ಬರ್ತದ ಸರ" ಅಂದ. ಸಾಂಸ್ಕೃತಿಕ ಅಂದೆ. ಅಂವಗ ಸಮಾಧಾನ ಆಗಲಿಲ್ಲ, ಒಂದು ಕವನ ಓದಿ ತೋರಸ್ರಿ ಅಂದ. ಓದಿದೆ. ಹಿಂದ ಲೈನ್ ಹಚ್ಚಿದವರು ಒಬ್ಬರು ಅಲ್ಲೇ ಒಂದು ಕಾಪಿ ತಗೊಂಡ್ರು, ಹುಡುಗ ಮಾತ್ರ ಧಾರ್ಮಿಕ ಅಂತ ಬರಕೊಂಡ.